ಆಕಾಶದ ಕಲ್ಲೂ ಹತ್ತೊಂಬತ್ತನೆಯ ಗೇಟೂ

ನಗುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದಕ್ಕೇ ಇರಬೇಕು, ನಮ್ಮ ಕಡೆ ನಗು ಧಾರಾಳವಾಗಿ ಸಿಗುತ್ತದೆ. ಭೂಮಿಗೆ ಬಂದು ಬಡಿಯಬಹುದಾದ ಆಕಾಶದ ಕಲ್ಲುಗಳನ್ನು ದಾರಿಯಲ್ಲೇ ಒತ್ತಿ ಬೇರೆ ಕಡೆಗೆ ಸರಿಸುವ ಯೋಜನೆಯಲ್ಲಿ ಬಾಹ್ಯಾಕಾಶ ಸಂಸ್ಥೆಗಳು ತೊಡಗಿವೆ ಎಂದು ಯಾರಾದರೂ ಬಾಯಿ ತೆಗೆದರೆ ಸಾಕು, ಬಳ್ಳಾರಿ ಬಸ್ಸಿನಲ್ಲಿ ನಗುತ್ತಾರೆ, ಒಗ್ಗರಣೆ ಮಿರ್ಚಿ ಅಂಗಡಿಯ ಮುಂದೆ ನಗುತ್ತಾರೆ, ಸ್ಟಾಫ್ ರೂಮಿನಲ್ಲಿ ವಿಜ್ಞಾನ ಓದಿದವರೂ ನಗುತ್ತಾರೆ. "ಮ್ಯಾಲಿನ ಕಲ್ಲು ಹಂಗಿರ್ಲಿ ಮೇಡಂ, ಮೊದ್ಲು ಕೆಳಗಿನ ರೋಡಿನ ತೆಗ್ಗು ಮುಚ್ಚಿಸ್ರಿ" ಎಂದು ಒಬ್ಬರು ಅಂದರೆ ಹತ್ತು ಮಂದಿ ತಲೆಯಾಡಿಸುತ್ತಾರೆ.

ನಾನು ಬಿಎ, ಬಿಎಡ್ ಮಾಡಿ ಸಮಾಜ ಪಾಠ ಹೇಳಿಕೊಂಡು ಬಂದವಳು. ನಿನಗ್ಯಾಕಮ್ಮ ಆಕಾಶದ ಉಸಾಬರಿ ಎಂದು ಕೇಳಬಹುದು. ನನ್ನ ಉತ್ತರ ಇಷ್ಟೆ: ಕಲ್ಲು ಎಷ್ಟು ವೇಗದಲ್ಲಿ ಬರುತ್ತದೆ ಎಂಬುದು ವಿಜ್ಞಾನದ ಪಾಠ, ಅದನ್ನು ತಡೆಯಲು ಯಾರ ದುಡ್ಡು, ಯಾರ ತೀರ್ಮಾನ, ಯಾರಿಗೆ ಮೊದಲು ಹೇಳಬೇಕು ಎಂಬುದು ಸಮಾಜ ಪಾಠ. ಅದು ನನ್ನ ಪೀರಿಯಡ್ಡು. ಆ ಪೀರಿಯಡ್ಡಿನಲ್ಲಿ ನಿಂತು ಹೇಳುತ್ತೇನೆ, ಅನುಮಾನ ಪಡುವುದರ ಬಗ್ಗೆ ನನಗೆ ತಕರಾರಿಲ್ಲ. ಅನುಮಾನ ಪಡುವವನು ಕೇಳುತ್ತಾನೆ, ಕೇಳಿದ್ದಕ್ಕೆ ಉತ್ತರ ಸಿಗುವ ತನಕ ನಿಲ್ಲುತ್ತಾನೆ. ನಗುವವನಿಗೆ ಉತ್ತರ ಬೇಕಿಲ್ಲ. ನನ್ನ ಜಗಳ ಅವನೊಂದಿಗೆ.

ಮೊದಲು ಆಗಿರುವುದೇನು ಎಂದು ನೋಡೋಣ. ಅಮೆರಿಕದ ನಾಸಾ ಸಂಸ್ಥೆ 'ಡಾರ್ಟ್' ಎಂಬ ಗಗನನೌಕೆಯನ್ನು 2022ರ ಸೆಪ್ಟೆಂಬರ್ 26ರಂದು ಡೈಮಾರ್ಫಸ್ ಎಂಬ ಸಣ್ಣ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಸಿತು. ಭೂಮಿಯಿಂದ ಸುಮಾರು 1 ಕೋಟಿ 10 ಲಕ್ಷ ಕಿಲೋಮೀಟರ್ ದೂರ. ಕಲ್ಲಿನ ಅಗಲ ಸುಮಾರು 160 ಮೀಟರ್. ನೌಕೆಯ ತೂಕ ಸುಮಾರು 570 ಕಿಲೋ, ವೇಗ ಸೆಕೆಂಡಿಗೆ 6 ಕಿಲೋಮೀಟರಿಗೂ ಮಿಗಿಲು. ಈ ಡೈಮಾರ್ಫಸ್ ತನಗಿಂತ ದೊಡ್ಡದಾದ ಡಿಡಿಮಸ್ ಎಂಬ ಇನ್ನೊಂದು ಕಲ್ಲನ್ನು ಸುತ್ತುತ್ತಿತ್ತು. ಒಂದು ಸುತ್ತಿಗೆ 11 ಗಂಟೆ 55 ನಿಮಿಷ. ಡಿಕ್ಕಿಯ ನಂತರ ಅಳೆದು ನೋಡಿದರೆ 11 ಗಂಟೆ 23 ನಿಮಿಷ. ಸುತ್ತಿನಲ್ಲಿ 73 ಸೆಕೆಂಡು ಬದಲಾದರೂ ಗೆದ್ದಂತೆ ಎಂದುಕೊಂಡಿದ್ದರು, 32 ನಿಮಿಷ ಬದಲಾಯಿತು. ಅದು ಭೂಮಿಗೆ ಬಡಿಯಲು ಬರುತ್ತಿದ್ದ ಕಲ್ಲಲ್ಲ, ಪರೀಕ್ಷೆಗೆಂದು ಆರಿಸಿದ್ದು. ಡಿಕ್ಕಿಯ ಗಾಯ ಹೇಗಿದೆ ಎಂದು ಹತ್ತಿರದಿಂದ ನೋಡಲು ಯುರೋಪಿನವರ 'ಹೇರಾ' ನೌಕೆ 2024ರ ಅಕ್ಟೋಬರ್ 7ರಂದು ಹೊರಟಿತು. 2026ರ ಕೊನೆಗೆ ಅಲ್ಲಿ ಮುಟ್ಟುವ ಲೆಕ್ಕ.

570 ಕಿಲೋದ ನೌಕೆ ಗುಡ್ಡದಂಥ ಕಲ್ಲನ್ನು ಏನು ಮಾಡೀತು ಎಂದು ನಗುವವರು ಕೇಳುತ್ತಾರೆ. ಕೇಳಿದ್ದು ಒಳ್ಳೆಯದೇ. ಕುರುಗೋಡಿನ ಸುತ್ತ ಬಂಡೆಗಳಿಗೆ ಬರವಿಲ್ಲ; ಬಂಡೆ ಎಂದರೆ ಏನು ಎಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ಪುಡಿ ಮಾಡಬೇಕೆಂದು ಹೊರಟರೆ ಕಷ್ಟ. ಆದರೆ ಪುಡಿ ಮಾಡಬೇಕಾಗಿಲ್ಲ. ಕರಿಹಲಗೆಯ ಮೇಲೆ ಲೆಕ್ಕ ಹಾಕಿ ನೋಡಿ. ಒಂದು ಕಲ್ಲಿನ ವೇಗವನ್ನು ಸೆಕೆಂಡಿಗೆ ಬರೀ 1 ಸೆಂಟಿಮೀಟರಿನಷ್ಟು ಬದಲಿಸಿದೆವು ಎಂದುಕೊಳ್ಳಿ. ಇರುವೆಯ ನಡಿಗೆಯಷ್ಟು. ವರ್ಷಕ್ಕೆ ಸುಮಾರು 3 ಕೋಟಿ 15 ಲಕ್ಷ ಸೆಕೆಂಡು. ಅಂದರೆ ಒಂದು ವರ್ಷದಲ್ಲಿ ಆ ಕಲ್ಲು ಮೊದಲು ಇರಬೇಕಾಗಿದ್ದ ಜಾಗದಿಂದ 315 ಕಿಲೋಮೀಟರ್ ಸರಿಯಿತು. ಇಪ್ಪತ್ತು ವರ್ಷಕ್ಕೆ 6,300 ಕಿಲೋಮೀಟರ್. ಭೂಮಿಯ ನಡುವಿನಿಂದ ಅಂಚಿಗೆ ಇರುವ ದೂರ 6,371 ಕಿಲೋಮೀಟರ್. ಇದು ಒರಟು ಲೆಕ್ಕ. ಸೂರ್ಯನ ಸುತ್ತಿನ ಕಕ್ಷೆಯಲ್ಲಿ ನಿಜವಾದ ಲೆಕ್ಕ ಇನ್ನೂ ತೊಡಕಿನದು. ಆದರೆ ತಿರುಳು ಇದೇ. ಇಪ್ಪತ್ತು ವರ್ಷ ಮೊದಲೇ ಗೊತ್ತಾದರೆ ಇರುವೆಯ ನಡಿಗೆ ಸಾಕು. ಇಪ್ಪತ್ತು ದಿನ ಮೊದಲು ಗೊತ್ತಾದರೆ ಯಾರ ರಾಕೆಟ್ಟೂ ಸಾಲದು. ಹಾಗಾಗಿ ಇಲ್ಲಿ ಬಹುಪಾಲು ಕೆಲಸ ಹೊಡೆಯುವುದಲ್ಲ, ಮೊದಲೇ ನೋಡಿ ಗುರುತು ಹಾಕಿಕೊಳ್ಳುವುದು. ಭೂಮಿಯ ಆಸುಪಾಸು ಸುಳಿಯುವ, 1 ಕಿಲೋಮೀಟರಿಗಿಂತ ದೊಡ್ಡ ಕಲ್ಲುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಈಗಾಗಲೇ ಗುರುತಿಸಿದ್ದಾರೆ. 140 ಮೀಟರಿಗಿಂತ ದೊಡ್ಡವು ಸುಮಾರು 25,000 ಇರಬಹುದೆಂದು ಅಂದಾಜು; ಸಿಕ್ಕಿರುವುದು ಅರ್ಧಕ್ಕಿಂತ ಕಡಿಮೆ.

ಇನ್ನು ನಗುವವರ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು, "ನಮ್ಮ ತಾತನ ಕಾಲದಾಗ ಬಿದ್ದಿಲ್ಲ, ನಮ್ಮ ಕಾಲದಾಗ ಬೀಳ್ತೈತಾ?" ಬಿದ್ದಿದೆ. ನಮ್ಮ ತಾತನ ಕಾಲದಲ್ಲೇ, 1908ರ ಜೂನ್ 30ರಂದು, ಸೈಬೀರಿಯದ ತುಂಗುಸ್ಕ ಎಂಬಲ್ಲಿ ಆಕಾಶದಲ್ಲಿ ಸಿಡಿದ ಕಲ್ಲು 2,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಮಲಗಿಸಿತು. ಅಲ್ಲಿ ಊರಿರಲಿಲ್ಲ, ಅದು ಜನರ ಪುಣ್ಯ. ನಮ್ಮ ಕಾಲದಲ್ಲಿ, 2013ರ ಫೆಬ್ರುವರಿ 15ರಂದು, ರಷ್ಯದ ಚೆಲ್ಯಾಬಿನ್‌ಸ್ಕ್ ಪಟ್ಟಣದ ಮೇಲೆ ಸುಮಾರು 20 ಮೀಟರಿನ ಕಲ್ಲು ಸಿಡಿಯಿತು. ಸುಮಾರು 1,500 ಜನಕ್ಕೆ ಗಾಯ, ಹೆಚ್ಚಿನವರಿಗೆ ಕಿಟಕಿ ಗಾಜು ಒಡೆದು. ಅದು ಸೂರ್ಯನ ದಿಕ್ಕಿನಿಂದ ಬಂತು, ಯಾರೂ ಮೊದಲೇ ಕಂಡಿರಲಿಲ್ಲ. ಅದೇ ದಿನ ಇನ್ನೊಂದು ಕಲ್ಲು ಭೂಮಿಯ ಮೇಲ್ಮೈಯಿಂದ 27,700 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ ಎಂದು ಒಂದು ವರ್ಷ ಮೊದಲೇ ಲೆಕ್ಕ ಹಾಕಿ ಹೇಳಿದ್ದರು; ಅದು ಹೇಳಿದ ಹಾಗೆಯೇ ಹಾದುಹೋಯಿತು. ಒಂದೇ ದಿನ ಎರಡು ಕಲ್ಲು: ನೋಡಿದ್ದು ಹೇಳಿದ ದಾರಿಯಲ್ಲಿ ಹೋಯಿತು, ನೋಡದೇ ಇದ್ದದ್ದು ತಲೆಯ ಮೇಲೆ ಸಿಡಿಯಿತು. ದೂರದ ಮಾತು ಬೇಡವೆಂದರೆ ಪಕ್ಕದ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರಕ್ಕೆ ಹೋಗಿ ಬನ್ನಿ. ದಖ್ಖನ್ನಿನ ಕರಿಕಲ್ಲಿನಲ್ಲಿ 1.8 ಕಿಲೋಮೀಟರ್ ಅಗಲದ ದುಂಡನೆಯ ಗುಂಡಿ, ಅದರಲ್ಲಿ ಉಪ್ಪುನೀರಿನ ಕೆರೆ, ದಡದಲ್ಲಿ ಗುಡಿಗಳು. ಅದನ್ನು ತೋಡಿದ್ದು ಆಕಾಶದಿಂದ ಬಿದ್ದ ಕಲ್ಲು.

ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಅವರು 2024ರಲ್ಲಿ ಇದೇ ವಿಷಯ ಎತ್ತಿದ್ದರು. ಮನುಷ್ಯನ ಆಯಸ್ಸು ಎಪ್ಪತ್ತು ಎಂಬತ್ತು ವರ್ಷ. ಅಷ್ಟರಲ್ಲಿ ಇಂಥ ಅನಾಹುತ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದು ಆಗುವುದೇ ಇಲ್ಲವೆಂದು ನಂಬಿಕೊಳ್ಳುತ್ತೇವೆ ಎಂಬುದು ಅವರ ಮಾತಿನ ಸಾರ. ಆಗಲೂ ನಕ್ಕವರಿದ್ದರು. ಸರಿ, ಆಯಸ್ಸಿನ ಮಾತೇ ಆಗಲಿ. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆಗದ್ದು ನಾಳೆಯೂ ಆಗುವುದಿಲ್ಲ ಎಂಬ ಧೈರ್ಯದ ಬೆಲೆ ಎಷ್ಟೆಂದು ನಮ್ಮ ತಾಲ್ಲೂಕಿನವರು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ನಾವೇ ತೆತ್ತಿದ್ದೇವೆ.

ತುಂಗಭದ್ರಾ ಡ್ಯಾಮು ಕಟ್ಟಿ ಮುಗಿದದ್ದು 1953ರಲ್ಲಿ. ಅದಕ್ಕೆ 33 ಕ್ರೆಸ್ಟ್ ಗೇಟುಗಳು. ಎಪ್ಪತ್ತು ವರ್ಷ ಅವು ಏರಿದವು, ಇಳಿದವು; ಕುರುಗೋಡು, ಕಂಪ್ಲಿ, ಸಿರುಗುಪ್ಪದ ಭತ್ತ ಬೆಳೆಯಿತು, ಮಕ್ಕಳು ಓದಿದವು, ಮದುವೆಗಳಾದವು. ಗೇಟಿನ ಚೈನು ತುಂಡಾದೀತು ಎಂದು ಆಗ ನಮ್ಮ ಬಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಇದೇ ನಗು ನಗುತ್ತಿದ್ದೆವು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಚೈನು ಕಡಿಯಿತು, ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಮು ತುಂಬಿತ್ತು, ಸುಮಾರು 105 ಟಿಎಂಸಿ. ಒಂದೇ ಗೇಟಿನಿಂದ ಸುಮಾರು 35,000 ಕ್ಯೂಸೆಕ್ ನೀರು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವನ್ನೂ ತೆರೆದು ಹೊಳೆಗೆ ನೀರು ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿಗೇ ಇಳಿಸಿ ಬಾಯಿ ಮುಚ್ಚುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಆ ವಾರ ನಮ್ಮ ಊರುಗಳಲ್ಲಿ ಒಲೆ ಉರಿದರೂ ಊಟ ರುಚಿಸಲಿಲ್ಲ. ನಾಟಿ ಮಾಡಿದವರು, ಗುತ್ತಿಗೆಗೆ ಹೊಲ ಹಿಡಿದವರು, ಬಂಗಾರ ಒತ್ತೆಯಿಟ್ಟು ಗೊಬ್ಬರ ತಂದವರು ಟಿವಿಯ ಮುಂದೆ ಕೂತು ತಮ್ಮ ಬೆಳೆಯ ನೀರು ಹೊಳೆಗೆ ಹೋಗುವುದನ್ನು ನೋಡಿದರು.

ಅಲ್ಲಿಗೂ ಮುಗಿಯಲಿಲ್ಲ. ಒಂದು ಗೇಟು ಹೋದ ಮೇಲೆ ಉಳಿದ ಮೂವತ್ತೆರಡರ ವಯಸ್ಸೂ ಅಷ್ಟೇ ಎಂಬುದು ಎಲ್ಲರಿಗೂ ನೆನಪಾಯಿತು. ಎಲ್ಲ ಗೇಟುಗಳನ್ನೂ ಬದಲಿಸಬೇಕು, ಅದಕ್ಕಾಗಿ 2025–26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಯಿತು. ಒಂದು ಬೆಳೆ ಇಲ್ಲ ಎಂದರೆ ನಮ್ಮ ತರಗತಿಯಲ್ಲಿ ಅದು ಹೇಗೆ ಕಾಣುತ್ತದೆ ಎಂದು ಪಟ್ಟಣದವರಿಗೆ ಗೊತ್ತಿರಲಿಕ್ಕಿಲ್ಲ. ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಅಪ್ಪ ಅಮ್ಮ ದುಡಿಮೆಗೆ ಬೆಂಗಳೂರಿಗೆ ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲವೇ ಅವರ ಜೊತೆ ಹೊರಟುಹೋಗುತ್ತದೆ. ನಾನು ಹೆಸರು ಕೂಗುತ್ತೇನೆ, ಪಕ್ಕದ ಹುಡುಗಿ ಎದ್ದು "ಊರಿಗೆ ಹೋಗ್ಯಾಳ್ರಿ" ಎನ್ನುತ್ತಾಳೆ.

ಕಲ್ಲಿಗೂ ಗೇಟಿಗೂ ಏನು ಸಂಬಂಧ ಎಂದು ಕೇಳಬೇಡಿ. ಎರಡರಲ್ಲೂ ಪ್ರಶ್ನೆ ಒಂದೇ. ಅಪರೂಪಕ್ಕೆ ಬರುವ, ಆದರೆ ಬಂದರೆ ತಡೆಯಲಾಗದ ಕೇಡಿಗೆ ಮೊದಲೇ ಖರ್ಚು ಮಾಡಬೇಕೋ, ಬಂದ ಮೇಲೆ ಅಳಬೇಕೋ? ಮೊದಲೇ ಬದಲಿಸಿದ್ದರೆ ಒಂದು ಚೈನಿನ ಖರ್ಚು. ಆಮೇಲೆ ಒಂದು ಬೆಳೆಯ ಖರ್ಚು. ಇರುವೆಯ ನಡಿಗೆಯ ಲೆಕ್ಕ ಇಲ್ಲಿಯೂ ಅದೇ.

ಎರಡನೆಯ ಮಾತು ದುಡ್ಡಿನದು. ಇದನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಪ್ರಯೋಗಾಲಯವೆಂಬ ಬೋರ್ಡಿನ ಹಿಂದೆ ಒಂದು ಮುರುಕು ಬೀರು, ಎರಡು ಗಾಜಿನ ನಳಿಕೆ ಇರುವ ಶಾಲೆಗಳನ್ನು ನಾನು ಕಂಡಿದ್ದೇನೆ. ಅಂಥ ಶಾಲೆಯಿಂದ ಬಂದವರು "ಹಸಿದವರ ದೇಶಕ್ಕೆ ಆಕಾಶ ಯಾಕೆ" ಎಂದು ಕೇಳಿದರೆ ಆ ಪ್ರಶ್ನೆಗೆ ಹಕ್ಕಿದೆ. ಆದರೆ ಲೆಕ್ಕವನ್ನು ಪೂರ್ತಿ ಮಾಡಿ. 2025–26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,416 ಕೋಟಿ ರೂಪಾಯಿ. ನೂರ ನಲವತ್ತು ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಗೂ ಕಡಿಮೆ. ಅದರಲ್ಲಿ ಬಹುಪಾಲು ರಾಕೆಟ್ಟು, ಉಪಗ್ರಹ, ಗಗನಯಾನಕ್ಕೆ ಹೋಗುತ್ತದೆ. ಚಂಡಮಾರುತ ಬರುತ್ತದೆಂದು ಮೀನುಗಾರನಿಗೆ ಹೇಳುವುದೂ ಆ ಉಪಗ್ರಹಗಳ ಬಲದಿಂದಲೇ.

ಈಗ ಇನ್ನೊಂದು ಸಂಖ್ಯೆ ಹೇಳುತ್ತೇನೆ, ಇದು ನಮ್ಮ ಜಿಲ್ಲೆಯದು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈಯಲ್ಲಿ ಕೊಟ್ಟ ವರದಿಯ ಪ್ರಕಾರ ಅಕ್ರಮ ಗಣಿಗಾರಿಕೆಯಿಂದ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಇಡೀ ದೇಶದ ಬಾಹ್ಯಾಕಾಶ ಇಲಾಖೆಯ ಒಂದು ವರ್ಷದ ಬಜೆಟ್ಟಿಗಿಂತ ಹೆಚ್ಚು. ಲಾರಿಗಳು ಸಾಲುಗಟ್ಟಿ ಕೆಂಪು ಧೂಳು ಎಬ್ಬಿಸಿಕೊಂಡು ಹೋಗುತ್ತಿದ್ದ ಆ ವರ್ಷಗಳಲ್ಲಿ "ಈ ದುಡ್ಡಿನಲ್ಲಿ ಎಷ್ಟು ಶಾಲೆ ಆಗುತ್ತಿತ್ತು" ಎಂದು ಬಸ್ಸಿನಲ್ಲಿ ಎಷ್ಟು ಜನ ಕೇಳಿದರು? ನೆಲದ ಕಲ್ಲು ಮಾರಿಹೋದಾಗ ಸುಮ್ಮನಿದ್ದ ಬಾಯಿ ಆಕಾಶದ ಕಲ್ಲಿನ ಲೆಕ್ಕಕ್ಕೆ ಮಾತ್ರ ತೆರೆದುಕೊಂಡರೆ ಅದನ್ನು ಬಡವರ ಪರ ಎಂದು ನಾನು ಒಪ್ಪುವುದಿಲ್ಲ. ಬಡವರ ಹೆಸರು ಹೇಳಿ ಸುಲಭದ ಗುರಿಗೆ ಕಲ್ಲು ಬೀಸುವುದು ಅದು. ವಿಜ್ಞಾನಿ ತಿರುಗಿ ಬೈಯುವುದಿಲ್ಲ, ಲಾರಿಯ ಒಡೆಯ ಬೈಯುತ್ತಾನೆ, ವ್ಯತ್ಯಾಸ ಇಷ್ಟೇ.

ಮೂರನೆಯ ಮಾತು, "ಇವರು ಒಂದು ಸಲ ಬೀಳ್ತೈತಿ ಅಂತಾರೆ, ಇನ್ನೊಂದು ಸಲ ಇಲ್ಲ ಅಂತಾರೆ. ಸುಳ್ಳುಬುರುಕರು." ಇದಕ್ಕೆ ಕಾರಣವಾದದ್ದು 2024 ವೈಆರ್4 ಎಂಬ ಕಲ್ಲು. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿನ ದೂರದರ್ಶಕವೊಂದು ಅದನ್ನು ಕಂಡಿತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ 1 ಎಂದರು, 2 ಎಂದರು, 2025ರ ಫೆಬ್ರುವರಿ 18ಕ್ಕೆ 3.1 ಎಂದರು. ಒಂದು ವಾರದೊಳಗೆ ಹೆಚ್ಚುಕಡಿಮೆ ಸೊನ್ನೆಗೆ ಬಂತು. ನೋಡಿದಿರಾ, ಹೆದರಿಸಿ ದುಡ್ಡು ಕೀಳುವ ಉಪಾಯ ಎಂದು ನಗುವವರಿಗೆ ಹಬ್ಬ.

ಮನೆಯಲ್ಲಿ ಓಲೆ ಕಳೆದಿದೆ ಎಂದುಕೊಳ್ಳಿ. ಹತ್ತು ಜಾಗ ಹುಡುಕಬೇಕು, ಅದರಲ್ಲಿ ಬಚ್ಚಲೂ ಒಂದು. ಹುಡುಕುವ ಮೊದಲು ಓಲೆ ಬಚ್ಚಲಲ್ಲಿರುವ ಸಾಧ್ಯತೆ ಹತ್ತರಲ್ಲಿ ಒಂದು. ಏಳು ಜಾಗ ಹುಡುಕಿಯಾಯಿತು, ಸಿಗಲಿಲ್ಲ. ಈಗ ಬಚ್ಚಲಿನ ಪಾಲು ಮೂರರಲ್ಲಿ ಒಂದು. ಓಲೆ ಎದ್ದು ಬಚ್ಚಲ ಕಡೆ ನಡೆದುಕೊಂಡು ಬರಲಿಲ್ಲ, ನಮ್ಮ ಹುಡುಕಾಟ ಕಿರಿದಾಯಿತು. ಆಮೇಲೆ ಅದು ದೇವರ ಮನೆಯಲ್ಲಿ ಸಿಕ್ಕಿತು. ಬಚ್ಚಲಿನ ಪಾಲು ಸೊನ್ನೆಯಾಯಿತು. ಹುಡುಕಿದವಳು ಸುಳ್ಳಿಯೇ? ವೈಆರ್4 ಕಥೆಯೂ ಇದೇ. ಕಲ್ಲು ಎಲ್ಲಿ ಹಾದುಹೋಗಬಹುದು ಎಂಬ ಪಟ್ಟಿ ಮೊದಲು ಅಗಲವಾಗಿರುತ್ತದೆ. ಅಳೆದಂತೆಲ್ಲ ಕಿರಿದಾಗುತ್ತದೆ. ಭೂಮಿ ಆ ಪಟ್ಟಿಯೊಳಗೆ ಇರುವ ತನಕ ಅದರ ಪಾಲು ಹೆಚ್ಚುತ್ತದೆ, ಪಟ್ಟಿ ಭೂಮಿಯನ್ನು ಬಿಟ್ಟು ಸರಿದ ಕೂಡಲೇ ಸೊನ್ನೆಗೆ ಇಳಿಯುತ್ತದೆ. ಗೊತ್ತಿದ್ದಷ್ಟನ್ನು ಗೊತ್ತಾದ ದಿನವೇ ಹೇಳುವವರನ್ನು ಸುಳ್ಳುಬುರುಕರೆಂದರೆ, ನಾಳೆ ಅವರು ಪೂರ್ತಿ ಖಚಿತವಾಗುವ ತನಕ ಬಾಯಿ ಮುಚ್ಚಿಕೊಂಡಿರುತ್ತಾರೆ. ಆಗ ನಮಗೆ ಉಳಿಯುವುದು ಇಪ್ಪತ್ತು ವರ್ಷವಲ್ಲ, ಇಪ್ಪತ್ತು ದಿನ.

ನಿಜಕ್ಕೂ ಕೆಟ್ಟದ್ದು ನಡೆದದ್ದು ಬೇರೆ ಕಡೆ. ಆ ಫೆಬ್ರುವರಿಯಲ್ಲಿ ಟಿವಿಯೊಂದರಲ್ಲಿ ಬೆಂಕಿಯ ಚಿತ್ರ, ಡೋಲಿನ ಸದ್ದು, ಭೂಮಿ ಹೋಳಾಗುವ ಆಟ. ಶೇಕಡಾ 3 ಎಂದರೆ ನೂರರಲ್ಲಿ ತೊಂಬತ್ತೇಳು ಪಾಲು ಬಡಿಯುವುದಿಲ್ಲ ಎಂದು ಅವರು ಹೇಳಲಿಲ್ಲ. ಮಾರನೆಯ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದಳು. "2032ಕ್ಕೆ ನನಗೆ ಇಪ್ಪತ್ತು ತುಂಬ್ತೈತ್ರಿ ಟೀಚರ್. ಓದಿ ಏನ್ ಮಾಡ್ಬೇಕ್ರಿ?" ಎಂದು ಕೇಳಿದಳು. ಅವಳು ಅಳುತ್ತಿರಲಿಲ್ಲ, ಲೆಕ್ಕ ಹಾಕಿಕೊಂಡು ಬಂದಿದ್ದಳು. ಓಲೆಯ ಲೆಕ್ಕ ನಾನು ಮೊದಲು ಹೇಳಿದ್ದು ಅವಳಿಗೆ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇನ್ನೂ ಹುಡುಕ್ತಾ ಇರ್ಬೇಕ್ರಿ" ಎಂದಳು. ಆ ಹುಡುಗಿಗೆ ಅರ್ಥವಾದದ್ದು ನಮ್ಮ ದೊಡ್ಡವರಿಗೆ ಯಾಕೆ ಆಗುವುದಿಲ್ಲ? ನಗುವವರು ಅವಳನ್ನು ನಕ್ಕು ಕಳಿಸುತ್ತಿದ್ದರು, ಟಿವಿಯವರು ಹೆದರಿಸಿ ಕಳಿಸಿದ್ದರು. ಎರಡರಿಂದಲೂ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ನಾಲ್ಕನೆಯದು ನನ್ನ ವಯಸ್ಸಿನವರ ಮಾತು: "ಸ್ಕೈಲ್ಯಾಬ್ ನೆನಪೈತಾ?" ನೆನಪಿದೆ. 1979ರಲ್ಲಿ ನನಗೆ ಹತ್ತು ವರ್ಷ. ಅಮೆರಿಕದವರು ಆಕಾಶಕ್ಕೆ ಏರಿಸಿದ್ದ, ಸುಮಾರು 77 ಟನ್ ತೂಕದ ಮನೆಯಂಥ ನೌಕೆ ಕೆಳಗೆ ಬೀಳುತ್ತದೆ ಎಂದು ಸುದ್ದಿ. ಎಲ್ಲಿ ಬೀಳುತ್ತದೆಂದು ಅವರಿಗೂ ಕಡೆಯ ತನಕ ಸರಿಯಾಗಿ ಹೇಳಲಾಗಲಿಲ್ಲ. ಹೇಗೂ ಸಾಯುತ್ತೇವೆ ಎಂದು ನಮ್ಮ ಊರಲ್ಲಿ ಕೋಳಿ ಕೊಯ್ದು ಉಂಡವರಿದ್ದರು, ಸಾಲ ತಂದು ಕುರಿ ಕಡಿದವರಿದ್ದರು, ಮಕ್ಕಳನ್ನು ಹೊರಗೆ ಬಿಡದೆ ಬಾಗಿಲು ಹಾಕಿಕೊಂಡವರಿದ್ದರು. ಜುಲೈ 11ರಂದು ಅದು ಹಿಂದೂ ಮಹಾಸಾಗರದಲ್ಲಿ, ಒಂದಷ್ಟು ಚೂರು ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರೆನ್ಸ್ ಸೀಮೆಯಲ್ಲಿ ಬಿದ್ದವು. ನಮ್ಮಲ್ಲಿ ಉಳಿದದ್ದು ಸಾಲ, ಮತ್ತು "ವಿಜ್ಞಾನಿಗಳು ಹೆದರಿಸುತ್ತಾರೆ, ಏನೂ ಆಗುವುದಿಲ್ಲ" ಎಂಬ ಗಾದೆ. ಆ ಗಾದೆ ನಲವತ್ತೈದು ವರ್ಷ ದಾಟಿ ಇವತ್ತಿನ ತನಕ ಬಂದಿದೆ.

ಆದರೆ ಅಂದು ಆದದ್ದೇನು? ಊರಿಗೆ ಸುದ್ದಿ ಮುಟ್ಟಿತು, ವಿವರ ಮುಟ್ಟಲಿಲ್ಲ. ಭೂಮಿಯ ಬಹುಪಾಲು ನೀರು, ನಮ್ಮ ಹಟ್ಟಿಯ ಮೇಲೆ ಬೀಳುವ ಸಾಧ್ಯತೆ ತೀರ ಕಡಿಮೆ ಎಂದು ಕನ್ನಡದಲ್ಲಿ, ನಮಗೆ ತಿಳಿಯುವ ಹಾಗೆ, ಚಾವಡಿಗೆ ಬಂದು ಹೇಳಿದವರಿಲ್ಲ. ಜನರ ಅಪನಂಬಿಕೆ ಹುಟ್ಟುವುದು ಅಲ್ಲಿ. ಇದನ್ನು ನಾನು ವಿಜ್ಞಾನಿಗಳಿಗೂ ಅವರ ಮೇಲಿನ ಸರ್ಕಾರಕ್ಕೂ ಹೇಳುತ್ತಿದ್ದೇನೆ. ಜನ ಮೂಢರು ಎಂದು ಗೊಣಗುವ ಮೊದಲು ಜನರ ಮಾತಿನಲ್ಲಿ ಹೇಳಿದ್ದೀರಾ? ದೇಶದ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಕನ್ನಡದ ರಾಜಧಾನಿಯಲ್ಲಿ. ಆಕಾಶದ ಕಸ, ಕಲ್ಲುಗಳ ಮೇಲೆ ಕಣ್ಣಿಡುವ ಇಸ್ರೋದ ಕೇಂದ್ರವೂ ಬೆಂಗಳೂರಿನಲ್ಲೇ. ಅಲ್ಲಿಂದ ಕುರುಗೋಡಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಕೋಟಿ ಕಿಲೋಮೀಟರಿನ ಲೆಕ್ಕ ಹಾಕುವವರಿಗೆ ಇದು ದೂರವಾಗಬಾರದು.

ಐದನೆಯ ಮಾತು ದೇವರದು. "ದೊಡ್ಡ ಬಸವಣ್ಣ ಕಾಯ್ತಾನೆ, ನಿಮ್ಮ ರಾಕೆಟ್ ಯಾಕ್ರಿ?" ನಾನೂ ಆ ಬಸವಣ್ಣನಿಗೆ ಕೈಮುಗಿದು ಬೆಳೆದವಳು. ಆದರೆ ಡ್ಯಾಮು ತುಂಬಿದಾಗ ಗಂಗಮ್ಮನಿಗೆ ಬಾಗಿನ ಬಿಡುವ ನಾವು, ಗೇಟು ಹೋದಾಗ ಕ್ರೇನು ತರಿಸಿದೆವು. ಯಾರೂ ಅದನ್ನು ದೇವರಿಗೆ ಮಾಡಿದ ಅವಮಾನ ಎನ್ನಲಿಲ್ಲ. ಬಾಗಿನ ಕೊಡುವ ಕೈಯೇ ಚೈನಿಗೆ ಎಣ್ಣೆ ಹಾಕಬೇಕು. ನಂಬಿಕೆಯುಳ್ಳವರಿಗೆ ಇದು ಗೊತ್ತಿದೆ. ಕೆಲಸ ತಪ್ಪಿಸಿಕೊಳ್ಳುವವರು ಮಾತ್ರ ದೇವರನ್ನು ಅಡ್ಡ ಹಿಡಿಯುತ್ತಾರೆ.

ಇನ್ನು ಇದೆಲ್ಲ ಅಮೆರಿಕದವರ ಆಟ ಎನ್ನುವವರಿಗೆ ಎರಡು ಹೆಸರು. 1861ರಲ್ಲಿ ಮದರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಕಂಡ ಕ್ಷುದ್ರಗ್ರಹಕ್ಕೆ 'ಏಷ್ಯಾ' ಎಂದೇ ಹೆಸರು. 1988ರಲ್ಲಿ ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಮತ್ತು ಸಂಗಡಿಗರು ಇನ್ನೊಂದನ್ನು ಕಂಡರು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರು. ಕಾವಲೂರಿನ ದೂರದರ್ಶಕಗಳನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆಕಾಶದ ಕಲ್ಲು ಹುಡುಕುವುದು ನಮಗೆ ಹೊಸ ಕೆಲಸವಲ್ಲ.

ಹಾಗಾದರೆ ಅನುಮಾನ ಪಡಲು ಏನೂ ಇಲ್ಲವೇ? ಇದೆ. ನಗುವವರು ನಕ್ಕು ಎದ್ದುಹೋಗುವುದರಿಂದ ಕೇಳಬೇಕಾದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವೈಆರ್4 ಬಡಿಯಬಹುದಾಗಿದ್ದ ಪಟ್ಟಿ ಪೆಸಿಫಿಕ್ ಸಾಗರದಿಂದ ಶುರುವಾಗಿ ದಕ್ಷಿಣ ಅಮೆರಿಕದ ಉತ್ತರ ಭಾಗ, ಆಫ್ರಿಕ, ಅರಬ್ಬೀ ಸಮುದ್ರ ದಾಟಿ ನಮ್ಮ ದಕ್ಷಿಣ ಏಷ್ಯಾದ ತನಕ ಬರುತ್ತಿತ್ತು. ಅಂಥ ಕಲ್ಲನ್ನು ಒಬ್ಬರು ಒತ್ತಲು ಹೋಗಿ, ಒತ್ತು ಅರ್ಧಕ್ಕೆ ನಿಂತರೆ? ಬೀಳುವ ಜಾಗ ಆ ಪಟ್ಟಿಯ ಮೇಲೆಯೇ ಜರುಗುತ್ತದೆ. ಒಂದು ದೇಶದ ತಲೆಯಿಂದ ಇಳಿದು ಇನ್ನೊಂದು ದೇಶದ ತಲೆಗೆ. ಅದನ್ನು ತೀರ್ಮಾನಿಸುವವರು ಯಾರು? ರಾಕೆಟ್ ಇದ್ದವರೇ? ಚೀನಾ ಕೂಡ ತನ್ನದೇ ಪರೀಕ್ಷೆ ಮಾಡುವುದಾಗಿ ಹೇಳಿದೆ. ವಿಶ್ವಸಂಸ್ಥೆಯ ಒಪ್ಪಿಗೆಯಿಂದ 2013ರ ನಂತರ ಎರಡು ಅಂತರರಾಷ್ಟ್ರೀಯ ಕೂಟಗಳು ಹುಟ್ಟಿವೆ. ಒಂದು ಎಚ್ಚರಿಕೆ ಕೊಡಲು, ಇನ್ನೊಂದು ನೌಕೆ ಕಳಿಸುವ ಯೋಜನೆಗೆ. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಲೇಬೇಕೆಂಬ ಕಟ್ಟಳೆ ಇಲ್ಲ. ಬಾಂಬಿನಿಂದಲೂ ಕಲ್ಲನ್ನು ಸರಿಸಬಹುದು ಎನ್ನುವವರಿದ್ದಾರೆ. ಅಣ್ವಸ್ತ್ರಗಳನ್ನು ಭೂಮಿಯ ಸುತ್ತಿನ ಕಕ್ಷೆಯಲ್ಲಿ ಇಡಬಾರದೆಂದು 1967ರ ಒಪ್ಪಂದ ಹೇಳುತ್ತದೆ. ಆ ಗೆರೆಯನ್ನು ಕಲ್ಲಿನ ನೆಪದಲ್ಲಿ ಯಾರೂ ಅಳಿಸದಂತೆ ನೋಡಿಕೊಳ್ಳುವುದು ಹೇಗೆ?

ತುಂಗಭದ್ರೆಯ ನೀರನ್ನು ಮೂರು ರಾಜ್ಯಗಳು ಹಂಚಿಕೊಳ್ಳುತ್ತವೆ. ಗೇಟು ಎತ್ತುವುದು, ಇಳಿಸುವುದು ಯಾರು ಎಂಬುದಕ್ಕೆ ಒಂದು ಮಂಡಳಿ ಇದೆ. ಅದರ ತೀರ್ಮಾನದ ಮೇಲೆ ನಾವು ಜಗಳವಾಡುತ್ತೇವೆ, ಧರಣಿ ಕೂರುತ್ತೇವೆ, ಪತ್ರ ಬರೆಯುತ್ತೇವೆ. ಕಾಲುವೆಯ ಕೊನೆಯ ಹೊಲದವನಿಗೆ ಗೊತ್ತು, ಮೇಲೆ ಕೂತವನು ತೂಬು ತಿರುಗಿಸಿದರೆ ತನ್ನ ಹೊಲಕ್ಕೆ ಏನಾಗುತ್ತದೆಂದು. ಆಕಾಶದ ವಿಷಯದಲ್ಲೂ ನಾವು ಕೊನೆಯ ಹೊಲದವರೇ. ಆದ್ದರಿಂದಲೇ ನಮ್ಮ ದೇಶ ಆ ಮೇಜಿನ ಮುಂದೆ ಕೂರಬೇಕು, ಕೂರಲು ಯೋಗ್ಯತೆ ಬೇಕು, ಯೋಗ್ಯತೆಗೆ ನಮ್ಮದೇ ದೂರದರ್ಶಕ, ನಮ್ಮದೇ ಲೆಕ್ಕ, ನಮ್ಮದೇ ನೌಕೆ ಬೇಕು. ನಗುತ್ತಾ ಹೊರಗೆ ನಿಂತವರ ಹೊಲಕ್ಕೆ ಯಾರೂ ನೀರು ಬಿಡುವುದಿಲ್ಲ.

ಮುಂದಿನ ಪರೀಕ್ಷೆ ಹತ್ತಿರದಲ್ಲೇ ಇದೆ. 2004ರಲ್ಲಿ ಕಂಡ ಅಪೋಫಿಸ್ ಎಂಬ, ಸುಮಾರು 340 ಮೀಟರ್ ಅಗಲದ ಕಲ್ಲು 2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದ ಪ್ರಕಾರ ಏಪ್ರಿಲ್ 14ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ, ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಅದು ಬಡಿಯುವುದಿಲ್ಲ, ಮುಂದಿನ ನೂರು ವರ್ಷವೂ ಅದರಿಂದ ಅಪಾಯವಿಲ್ಲ ಎಂದು 2021ರಲ್ಲಿ ರೇಡಾರಿನಿಂದ ಅಳೆದು ಹೇಳಿದ್ದಾರೆ. ಆದರೂ ಆ ವಾರ ಡೋಲು ಬಡಿಯುವವರು ಬರುತ್ತಾರೆ, ತಾಯತ ಮಾರುವವರು ಬರುತ್ತಾರೆ, ಸಾಲ ಮಾಡಿ ಕುರಿ ಕಡಿಯುವವರೂ ಹುಟ್ಟಿಕೊಂಡಾರು. ಮರುದಿನ ಏನೂ ಆಗದಿದ್ದಾಗ ನಗುವವರು ಬರುತ್ತಾರೆ.

ಅವರೆಲ್ಲರಿಗಿಂತ ಮೊದಲು ಹೋಗಬೇಕಾದವರು ನಾವು, ಮೇಷ್ಟ್ರು ಮತ್ತು ಟೀಚರುಗಳು. ಯಾವ ಇಲಾಖೆಯ ಸುತ್ತೋಲೆಗೂ ಕಾಯಬೇಕಾಗಿಲ್ಲ. ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ, ಕಳೆದುಹೋದ ಒಂದು ಓಲೆ, ಮತ್ತು ಹತ್ತೊಂಬತ್ತನೆಯ ಗೇಟು. ಈ ಪಾಠಕ್ಕೆ ಇಷ್ಟು ಸಾಕು. ಆ ಏಪ್ರಿಲ್ಲಿನ ಹೊತ್ತಿಗೆ ನಾನು ನಿವೃತ್ತಿಯ ಅಂಚಿನಲ್ಲಿರುತ್ತೇನೆ. ಲೆಕ್ಕ ಹಾಕಿಕೊಂಡು ಬಂದು ಪ್ರಶ್ನೆ ಕೇಳುವ ಹುಡುಗಿಯರು ಆಗಲೂ ಇರುತ್ತಾರೆ. ಅವರಿಗೆ ಉತ್ತರ ಹೇಳಲು ಮೂರು ವರ್ಷವೇನೂ ಹೆಚ್ಚಲ್ಲ, ಈಗಲೇ ಶುರು ಮಾಡಿ.